ತೂತು ಹಳೇ ಸುದ್ದಿ, ಹಿಕ್ಕೆ ಹೊಸ ಸುದ್ದಿ

ಎಲೆಯಲ್ಲಿ ತೂತು ಕಂಡರೆ ನನ್ನ ಕೈ ಸುಮ್ನಿರುವುದಿಲ್ಲ. ಬೆಳಿಗ್ಗೆ ಹಲ್ಲುಜ್ಜುತ್ತಾ ಗಿಡಗಳ ಹತ್ತಿರ ಹೋಗಿರುತ್ತೇನೆ. ನಿನ್ನೆ ಇಲ್ಲದ ತೂತೊಂದು ಹೂಕೋಸಿನ ಎಲೆಯಲ್ಲಿ ಕಾಣುತ್ತದೆ. ಬ್ರಷ್ ಇನ್ನೂ ಬಾಯಲ್ಲೇ ಇರುತ್ತದೆ, ಕೈಗೆ ಸ್ಪ್ರೇ ಬಾಟಲಿ ಬಂದಿರುತ್ತದೆ. ಬಾಟಲಿಯಲ್ಲಿ ಏನಿದೆ ಅನ್ನುವುದು ಆ ವಾರದ ನಂಬಿಕೆಗೆ ಬಿಟ್ಟದ್ದು. ಒಂದು ವಾರ ಬೇವಿನೆಣ್ಣೆ, ಇನ್ನೊಂದು ವಾರ ಬೆಳ್ಳುಳ್ಳಿ ಮೆಣಸಿನಕಾಯಿ ರಸ, ಮತ್ತೊಂದು ವಾರ ಸೋಪಿನ ನೀರು. ಗಿಡವೆಲ್ಲ ತೊಯ್ದು ತೊಟ್ಟಿಕ್ಕುವಷ್ಟು ಹೊಡೆದ ಮೇಲೇ ಬಾಯಿ ಮುಕ್ಕಳಿಸಲು ಹೋಗುತ್ತಿದ್ದೆ.

ಮೂರು ವರ್ಷ ಹೀಗೇ ನಡೆಯಿತು. ತಮಾಷೆ ಏನೆಂದರೆ, ಏನು ಹೊಡೆದರೂ ಕೆಲಸ ಮಾಡುತ್ತಿತ್ತು. ಎರಡು ವಾರದೊಳಗೆ ಹುಳು ಮಾಯ, ಹೊಸ ಎಲೆ ಚೊಕ್ಕ. ಬೇವಿನೆಣ್ಣೆ ಹೊಡೆದಾಗ ಬೇವಿನೆಣ್ಣೆಗೆ ಜೈ ಅಂದೆ, ಬೆಳ್ಳುಳ್ಳಿ ಹೊಡೆದಾಗ ಬೆಳ್ಳುಳ್ಳಿಗೆ ಜೈ ಅಂದೆ. ಕೇಳಿದವರಿಗೂ ಕೇಳದವರಿಗೂ ಅಳತೆ ಸಮೇತ ಹೇಳಿಕೊಟ್ಟೆ. ಆಮೇಲೆ ಒಂದು ಸಲ ಹನ್ನೆರಡು ದಿನ ಮನೆ ಬಿಟ್ಟು ಹೋಗಬೇಕಾಯಿತು. ಹೊರಡುವ ದಿನ ಹೂಕೋಸಿನ ತುಂಬ ಹುಳು. ನೀರು ಹಾಕಲು ಅಮ್ಮನಿಗೆ ಹೇಳಿದ್ದೆ, ಸ್ಪ್ರೇ ವಿಷಯ ಹೇಳಲು ಮರೆತಿದ್ದೆ. ಗಿಡ ಕೈಬಿಟ್ಟಿತು ಅಂದುಕೊಂಡೇ ವಾಪಸ್ ಬಂದೆ. ನೋಡಿದರೆ ಹುಳು ಮಾಯ, ಹೊಸ ಎಲೆ ಚೊಕ್ಕ. ಯಾರೂ ಏನೂ ಹೊಡೆದಿರಲಿಲ್ಲ.

ಗಿಡಕ್ಕೆ ಹತ್ತಿದ ಹುಳು ಹೋಯಿತು, ನನ್ನ ತಲೆಗೆ ಹುಳು ಹೊಕ್ಕಿತು. ಇಷ್ಟು ದಿನ ನಡೆದದ್ದೆಲ್ಲ ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದ ಲೆಕ್ಕವಾ?

ದಾರ ಕಟ್ಟಿದ ಎಲೆ

ಮುಂದಿನ ಸಲ ಹೂಕೋಸು ಹಾಕಿದಾಗ ಒಂದು ಎಲೆಯ ತೊಟ್ಟಿಗೆ ಕೆಂಪು ದಾರ ಕಟ್ಟಿದೆ. ಅಂಗೈಯಗಲದ ಎಲೆ, ಇನ್ನೂ ಬೆಳೆಯುತ್ತಿತ್ತು. ಅದರಲ್ಲಿರುವ ತೂತುಗಳನ್ನು ಎಣಿಸಿ ಬರೆದಿಟ್ಟೆ. 11 ತೂತು. ಅದಲ್ಲದೆ 9 ಕಿಟಕಿ. ಕಿಟಕಿ ಅನ್ನುವುದು ನಾನು ಕೊಟ್ಟ ಹೆಸರು. ಕೋಸಿನ ಜಾತಿಯ ಗಿಡಗಳಿಗೆ ವಜ್ರಬೆನ್ನಿನ ಪತಂಗದ ಹುಳು ಬೀಳುತ್ತದೆ. ತಿಳಿಹಸಿರು, ಎರಡೂ ತುದಿ ಚೂಪು, ಪೂರ್ತಿ ಬೆಳೆದರೂ ಒಂದು ಸೆಂಟಿಮೀಟರಿನ ಆಸುಪಾಸು. ಬೆರಳು ತಾಗಿಸಿದರೆ ಸಾಕು, ಹಿಂದಕ್ಕೆ ಹಿಂದಕ್ಕೆ ಒದ್ದಾಡಿ ಎಲೆಯಿಂದ ಜಾರಿ, ರೇಷ್ಮೆಯಂಥ ಎಳೆಯಲ್ಲಿ ನೇತಾಡುತ್ತದೆ. ನಾವು ಸುಮ್ನಿದ್ದರೆ ಅದೇ ಎಳೆ ಹಿಡಿದು ಮೇಲೆ ಹತ್ತುತ್ತದೆ. ಈ ಹುಳು ಎಲೆಯ ಅಡಿಯಿಂದ ಕೆರೆದು ತಿನ್ನುತ್ತದೆ, ಮೇಲಿನ ಸಿಪ್ಪೆಯೊಂದನ್ನು ಬಿಡುತ್ತದೆ. ಎಲೆಯನ್ನು ಬೆಳಕಿಗೆ ಹಿಡಿದರೆ ಅಲ್ಲಲ್ಲಿ ತೆಳು ಕಾಗದ ಅಂಟಿಸಿದ ಹಾಗೆ ಕಾಣುತ್ತದೆ.

ಮೂರನೇ ದಿನ ಎಣಿಸಿದೆ. 14 ತೂತು. ಕೈ ತಾನಾಗೇ ಬಾಟಲಿಯ ಕಡೆ ಹೋಯಿತು. ಬರೆಯಬೇಕಲ್ಲ ಅಂತ ಕಿಟಕಿಗಳನ್ನೂ ಎಣಿಸಿದೆ. 6. ಚೀಟಿ ನೋಡುತ್ತಾ ನಿಂತೆ. ಹನ್ನೊಂದು ಒಂಬತ್ತು ಇಪ್ಪತ್ತು. ಹದಿನಾಲ್ಕು ಆರು ಇಪ್ಪತ್ತು. ಯಾರೂ ಹೊಸದಾಗಿ ಬಾಯಿ ಹಾಕಿಲ್ಲ. ಮೂರು ಕಿಟಕಿಯ ಸಿಪ್ಪೆ ಒಣಗಿ ಹರಿದು ತೂತಾಗಿದೆ, ಅಷ್ಟೇ. ಆರನೇ ದಿನ 17 ತೂತು, 3 ಕಿಟಕಿ. ಮತ್ತೆ ಇಪ್ಪತ್ತು. ಆದರೆ ದೂರದಿಂದ ನೋಡಿದರೆ ಎಲೆ ಮೊದಲ ದಿನಕ್ಕಿಂತ ಎರಡರಷ್ಟು ಹಾಳಾದ ಹಾಗೆ ಕಾಣುತ್ತಿತ್ತು. ಯಾಕೆಂದರೆ ಎಲೆ ಹಿಗ್ಗಿತ್ತು, ಅದರ ಜೊತೆ ತೂತೂ ಹಿಗ್ಗಿತ್ತು. ನಡುನರದ ಪಕ್ಕ ಪೆನ್ನಿನ ಮೊನೆ ಮಾತ್ರ ಹಿಡಿಸುತ್ತಿದ್ದ ತೂತಿನಲ್ಲಿ ಈಗ ಕಿರುಬೆರಳಿನ ತುದಿ ತೂರುತ್ತಿತ್ತು. ಬಲೂನಿನ ಮೇಲೆ ಪೆನ್ನಿನಲ್ಲಿ ಚುಕ್ಕಿ ಇಟ್ಟು ಊದಿದ ಹಾಗೆ.

ಎಲೆ ಮಗುಚಿ ನೋಡಿದೆ. ಅಡಿಯಲ್ಲಿ ಎರಡು ಗೂಡು. ಸೊಳ್ಳೆ ಪರದೆಯ ಬಟ್ಟೆಯಲ್ಲಿ ಹೊಲಿದ ಪುಟ್ಟ ಚೀಲದ ಹಾಗೆ, ಒಳಗಿರುವ ಹಸಿರು ಕೋಶ ಹೊರಗೇ ಕಾಣುವಷ್ಟು ತೆಳು. ತಿನ್ನುವವರು ತಿಂದು ಮುಗಿಸಿ, ಹೊದ್ದು ಮಲಗಿ ಆಗಿತ್ತು. ಹಿಂದಿನ ಮೂರು ವರ್ಷ ನಾನು ಎಷ್ಟು ಸಲ ಇಂಥ ಎಲೆಗೇ ಬಾಟಲಿ ಖಾಲಿ ಮಾಡಿದ್ದೆನೋ. ಉಂಡು ಎದ್ದುಹೋದವನ ಎಲೆಗೆ ವಿಷ ಬಡಿಸಿದ ಹಾಗೆ.

ಎಲ್ಲ ಔಷಧಿಯೂ ಯಾಕೆ ಕೆಲಸ ಮಾಡುತ್ತದೆ

ಲೆಕ್ಕ ಸರಳ. ಎಲೆ ತಿನ್ನುವ ಹೆಚ್ಚಿನ ಹುಳುಗಳು ಬೆಚ್ಚಗಿನ ದಿನಗಳಲ್ಲಿ ಎರಡು ಮೂರು ವಾರ ತಿನ್ನುತ್ತವೆ. ಆಮೇಲೆ ಎಲೆಯ ಅಡಿಯಲ್ಲೋ ಮಣ್ಣಿನಲ್ಲೋ ಕೋಶವಾಗುತ್ತವೆ. ಈ ಎರಡು ಮೂರು ವಾರದಲ್ಲೂ ಊಟ ಸಮನಾಗಿಲ್ಲ. ನಮಗೆಲ್ಲ ಗೊತ್ತಿರುವ ರೇಷ್ಮೆ ಹುಳುವನ್ನೇ ತೆಗೆದುಕೊಳ್ಳಿ. ಸುಮಾರು 25 ದಿನದಲ್ಲಿ ಅದರ ತೂಕ ಹತ್ತು ಸಾವಿರ ಪಟ್ಟು ಏರುತ್ತದೆ. ಪೊರೆ ಬಿಡಲು ಹುಳು ತಿನ್ನುವುದು ನಿಲ್ಲಿಸಿ ಮಂಕಾಗಿ ಕೂರುವುದಕ್ಕೆ ರೇಷ್ಮೆ ಸಾಕುವವರು ಜ್ವರ ಅನ್ನುತ್ತಾರೆ. ಅಂಥ ನಾಲ್ಕು ಜ್ವರ. ಅದು ತನ್ನ ಆಯುಷ್ಯದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ 80ಕ್ಕಿಂತ ಜಾಸ್ತಿ ಪಾಲು ಹೋಗುವುದು ನಾಲ್ಕನೇ ಜ್ವರದಿಂದ ಎದ್ದ ಮೇಲೆ, ಕೊನೆಯ ಒಂದು ವಾರದಲ್ಲಿ. ತೋಟದ ಹುಳುಗಳದ್ದೂ ಹೆಚ್ಚು ಕಡಿಮೆ ಇದೇ ಚಾಳಿ.

ಅಂದರೆ ಮೊದಲ ಹತ್ತು ದಿನ ಹುಳು ಗಿಡದಲ್ಲೇ ಇರುತ್ತದೆ, ನಮಗೆ ಕಾಣುವುದಿಲ್ಲ. ಕೊನೆಯ ವಾರ ಎಲೆ ಜರಡಿಯಾಗುತ್ತದೆ, ಆಗ ಕಾಣುತ್ತದೆ. ನಾವು ಗಾಬರಿಬಿದ್ದು ಏನೋ ಒಂದನ್ನು ಅರೆದು, ಸೋಸಿ, ಹೊಡೆಯುವ ಹೊತ್ತಿಗೆ ಹುಳು ಗಂಟುಮೂಟೆ ಕಟ್ಟಿರುತ್ತದೆ. ಮೂರು ದಿನಕ್ಕೆ ಹೋಗುತ್ತದೆ. ಕೊನೆಯ ದೃಶ್ಯದಲ್ಲಿ ಬಂದ ಔಷಧಿಗೆ ಹೀರೋ ಪಟ್ಟ. ಮನೆಮದ್ದುಗಳಿಗೆ ಇಷ್ಟೊಂದು ಜನ ಆಣೆ ಇಟ್ಟು ಸಾಕ್ಷಿ ಹೇಳುವುದು ಸುಳ್ಳು ಹೇಳಬೇಕೆಂದಲ್ಲ. ಅವರು ಕಂಡದ್ದನ್ನೇ ಹೇಳುತ್ತಾರೆ. ನಾನೂ ಹೇಳಿದ್ದೆನಲ್ಲ.

ಇದನ್ನು ಪರೀಕ್ಷಿಸಲು ದೊಡ್ಡ ವಿದ್ಯೆ ಬೇಡ. ಒಂದಷ್ಟು ಗಿಡಕ್ಕೆ ಹೊಡೆದು ಒಂದಷ್ಟು ಗಿಡ ಹಾಗೇ ಬಿಟ್ಟರಾಯಿತು. ಬಿಡುವುದೇ ಕಷ್ಟ, ಅದು ಬೇರೆ ಮಾತು. ನನ್ನ ಹತ್ತು ಹನ್ನೆರಡು ಕುಂಡಗಳಲ್ಲಿ ಕಂಡದ್ದು ಇಷ್ಟು: ಬೆಳ್ಳುಳ್ಳಿ ಮೆಣಸಿನಕಾಯಿ ರಸ ಹೊಡೆದ ಗಿಡಕ್ಕೂ ಬಿಟ್ಟ ಗಿಡಕ್ಕೂ ವ್ಯತ್ಯಾಸ ಇರಲಿಲ್ಲ, ನನ್ನ ಕಣ್ಣು ಉರಿದದ್ದು ಬಿಟ್ಟರೆ. ಸೋಪಿನ ನೀರು ಗಿಡಹೇನುಗಳನ್ನು ಕೊಂದಿತು, ಎಲೆ ತಿನ್ನುವ ಹುಳುವಿಗೆ ಸ್ನಾನ ಮಾಡಿಸಿದ ಹಾಗಾಯಿತು. ಒಂದು ಸಲ ಸೋಪು ಸಿಗದೆ ಬಟ್ಟೆ ಒಗೆಯುವ ಪುಡಿ ಕಲಸಿ ಮಟಮಟ ಮಧ್ಯಾಹ್ನ ಹೊಡೆದೆ. ಕೋಸಿನ ಎಲೆಗೆ ಮೇಣದಂಥ ಬೂದು ಲೇಪ ಇರುತ್ತದಲ್ಲ, ಅದು ತೊಳೆದುಹೋಗಿ ಎಲೆ ಸುಟ್ಟ ಹಪ್ಪಳದ ಹಾಗಾಯಿತು. ಆ ವರ್ಷ ಎಲ್ಲ ಹುಳುಗಳೂ ಸೇರಿ ಮಾಡಿದ ನಷ್ಟಕ್ಕಿಂತ ಅವತ್ತು ನಾನು ಮಾಡಿದ್ದು ಜಾಸ್ತಿ.

(ಹೊಗೆಸೊಪ್ಪಿನ ಕಷಾಯದ ಬಗ್ಗೆ ಒಂದು ಮಾತು. ಗಿಡದಿಂದ ಬಂದದ್ದಾದರೂ ನಿಕೋಟಿನ್ ಭಾರಿ ವಿಷ. ಚರ್ಮದಿಂದಲೂ ಒಳಗೆ ಇಳಿಯುತ್ತದೆ. ತಿನ್ನುವ ಗಿಡಕ್ಕೆ ಅದನ್ನು ನಾನಂತೂ ಮುಟ್ಟುವುದಿಲ್ಲ.)

ಬೇವು ಮಾತ್ರ ಪರೀಕ್ಷೆಯಲ್ಲಿ ಪಾಸಾಯಿತು, ಆದರೆ ನಾನು ಅಂದುಕೊಂಡ ಹಾಗಲ್ಲ. 1959ರಲ್ಲಿ ಸುಡಾನಿನಲ್ಲಿ ಮಿಡತೆಗಳ ದಂಡು ಬಂದು ಸುತ್ತಲಿನ ಹಸಿರನ್ನೆಲ್ಲ ಬೋಳಿಸಿದಾಗ ಬೇವಿನ ಮರಗಳು ಮಾತ್ರ ಉಳಿದದ್ದನ್ನು ಜರ್ಮನಿಯ ಕೀಟ ವಿಜ್ಞಾನಿ ಹೈನ್ರಿಶ್ ಶ್ಮುಟ್ಟರರ್ ಕಂಡರು. ಬೇವಿನ ಬೀಜದಲ್ಲಿದ್ದು ಈ ಕೆಲಸ ಮಾಡುವ ಅಜಾಡಿರಾಕ್ಟಿನ್ ಅನ್ನುವ ಅಂಶವನ್ನು ಬೇರ್ಪಡಿಸಿದ್ದು 1968ರಲ್ಲಿ. ಆ ಅಣುವಿನ ರಚನೆ ಎಷ್ಟು ಗೋಜಲು ಅಂದರೆ ಅದು ಸರಿಯಾಗಿ ಬಿಡಿಸಿಕೊಂಡದ್ದು 1985ರಲ್ಲಿ, ಪ್ರಯೋಗಾಲಯದಲ್ಲಿ ಕಟ್ಟಲು ಮತ್ತೆ 22 ವರ್ಷ ಹಿಡಿಯಿತು, 2007ರವರೆಗೆ. ಇದು ಹುಳುವನ್ನು ನಿಂತಲ್ಲೇ ಕೊಲ್ಲುವ ವಿಷವಲ್ಲ. ಒಂದು, ತಿನ್ನಲು ಮನಸ್ಸಾಗದ ಹಾಗೆ ಮಾಡುತ್ತದೆ. ಎರಡು, ಪೊರೆ ಬಿಡುವ ಕೆಲಸವನ್ನು ಕೆಡಿಸುತ್ತದೆ. ಜ್ವರಕ್ಕೆ ಕೂತ ಹುಳು ಜ್ವರದಿಂದ ಏಳುವುದಿಲ್ಲ. ಹಾಗಾಗಿ ಇನ್ನೂ ನಾಲ್ಕು ಪೊರೆ ಬಿಡಬೇಕಾದ ಮರಿಗೆ ಅದು ಯಮ. ಊಟ ಮುಗಿಸಿ ಹೊರಟ ದೊಡ್ಡ ಹುಳುವಿಗೆ ಹೊಡೆದರೆ ಎಣ್ಣೆ ದಂಡ. ಬಿಸಿಲಿಗೆ ಬೇಗ ಕೆಡುತ್ತದೆ ಅನ್ನುವುದರಿಂದ ನಾನು ಸಂಜೆ ಹೊಡೆಯುತ್ತೇನೆ, ಎಲೆಯ ಅಡಿಗೆ. ಲೀಟರ್ ನೀರಿಗೆ 5 ಮಿಲಿ ಎಣ್ಣೆ, ಬೆರೆಯಲು ಒಂದೆರಡು ಮಿಲಿ ದ್ರವ ಸೋಪು. ಮೊದಲು ಸೋಪಿಗೆ ಎಣ್ಣೆ ಕಲಸಿ ಆಮೇಲೆ ನೀರು. ಉಲ್ಟಾ ಮಾಡಿದರೆ ಎಣ್ಣೆ ಮೇಲೇ ತೇಲುತ್ತದೆ.

ಪರದೆಯೊಳಗಿನ ಅಂಗನವಾಡಿ

ಈ ಜ್ಞಾನೋದಯಕ್ಕೆ ಮುಂಚಿನ ಒಂದು ಪೆದ್ದುತನ ಹೇಳಲೇಬೇಕು. ಪತಂಗ ಬಂದು ಮೊಟ್ಟೆ ಇಡದಿದ್ದರೆ ಹುಳು ಎಲ್ಲಿಂದ ಬರುತ್ತದೆ, ಅಲ್ವಾ? ಹಳೇ ಸೊಳ್ಳೆ ಪರದೆ ಇತ್ತು. ನಾಲ್ಕು ಕೋಲು ನೆಟ್ಟು, ಹೂಕೋಸಿನ ಮಡಿಗೆ ಹೊದಿಸಿ, ಅಂಚಿಗೆ ಇಟ್ಟಿಗೆ ಹೇರಿದೆ. ಬಹಳ ಅಂದವಾಗಿತ್ತು. ದಿನಾ ಪರದೆಯ ಮೇಲಿಂದಲೇ ನೀರು ಹಾಕುತ್ತಿದ್ದೆ, ತೆಗೆದು ನೋಡುತ್ತಿರಲಿಲ್ಲ. ಎರಡು ವಾರ ಬಿಟ್ಟು ತೆಗೆದರೆ ಒಳಗೆ ನರಗಳು ಮಾತ್ರ ಉಳಿದಿದ್ದವು. ಒಂದೊಂದು ಗಿಡದಲ್ಲೂ ಹತ್ತಾರು ಹುಳು, ಪರದೆಯ ಒಳಮಗ್ಗುಲಲ್ಲಿ ಹೊರಗೆ ಹೋಗಲು ಒದ್ದಾಡುತ್ತಿದ್ದ ಹೊಸ ಪತಂಗಗಳು.

ಆದದ್ದೇನೆಂದರೆ, ಸಸಿ ನೆಟ್ಟು ವಾರವಾದ ಮೇಲೆ ಪರದೆ ಕಟ್ಟಿದ್ದೆ. ಮೊಟ್ಟೆ ಆಗಲೇ ಎಲೆಯ ಮೇಲಿತ್ತು. ನಾನು ಹುಳುವನ್ನು ಹೊರಗಿಟ್ಟಿರಲಿಲ್ಲ, ಒಳಗಿಟ್ಟು ಕಾವಲು ಕಾದಿದ್ದೆ. ಹಕ್ಕಿ ಬರುವ ಹಾಗಿಲ್ಲ, ಜೇಡ ಬರುವ ಹಾಗಿಲ್ಲ, ಕಣಜ ಬರುವ ಹಾಗಿಲ್ಲ. ಹುಳುಗಳಿಗೆ ಅಂಗನವಾಡಿ ನಡೆಸಿದ ಹಾಗೆ. ಪರದೆ ಈಗಲೂ ಕಟ್ಟುತ್ತೇನೆ, ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಸಸಿ ನೆಟ್ಟ ದಿನವೇ, ಪ್ರತಿ ಎಲೆ ಮಗುಚಿ ನೋಡಿದ ಮೇಲೆ, ಎಲೆಗೆ ತಾಗದಷ್ಟು ಎತ್ತರಕ್ಕೆ. ತಾಗಿದರೆ ಚಿಟ್ಟೆ ಹೊರಗೆ ಕೂತೇ ಪರದೆಯ ಕಣ್ಣಿನ ಮೂಲಕ ಮೊಟ್ಟೆ ಇಡುತ್ತದೆ. ಹಾಗಲ, ಸೌತೆಯಂಥವಕ್ಕೆ ಹೂ ಬಂದ ಮೇಲೆ ತೆಗೆಯಲೇಬೇಕು, ಇಲ್ಲದಿದ್ದರೆ ಜೇನು ಬಾರದೆ ಕಾಯಿ ಕಚ್ಚುವುದಿಲ್ಲ.

ಆವತ್ತು ಪರದೆ ತೆಗೆದು ತಲೆ ಮೇಲೆ ಕೈ ಹೊತ್ತು ಕೂತಿದ್ದೆನಲ್ಲ, ಆಗ ಒಂದು ಕಣಜ ಬಂತು. ಉದ್ದ ಕಾಲು ಇಳಿಬಿಟ್ಟುಕೊಂಡು ಗಿಡದಿಂದ ಗಿಡಕ್ಕೆ ಹಾರಿ, ಎಲೆಯ ಅಂಚು ಹಿಡಿದು ಅಡಿಗೆ ನುಸುಳಿತು. ಹೊರಗೆ ಬಂದಾಗ ಬಾಯಲ್ಲಿ ಹುಳು. ಎಲೆಯ ಮೇಲೆ ಕೂತು, ಮುಂಗಾಲಿನಲ್ಲಿ ಹುಳುವನ್ನು ತಿರುಗಿಸುತ್ತಾ ತಿರುಗಿಸುತ್ತಾ ಜಗಿಯಿತು. ಎರಡು ನಿಮಿಷದಲ್ಲಿ ಹುಳು ಹೋಗಿ ಹಸಿರು ಉಂಡೆಯಾಯಿತು. ಉಂಡೆ ಕಟ್ಟಿಕೊಂಡು ಹಾರಿತು. ಮರಿಗಳಿಗೆ ಉಣಿಸಲು. ಸ್ವಲ್ಪ ಹೊತ್ತಿಗೆ ಮತ್ತೆ ಬಂತು. ಅದೇ ಕಣಜವೋ ಬೇರೆಯೋ ಗೊತ್ತಿಲ್ಲ, ಆದರೆ ಸಾಯಂಕಾಲದವರೆಗೂ ಬರುತ್ತಲೇ ಇತ್ತು. ಅಮ್ಮ ಒಳಗಿನಿಂದ, "ಏನೋ ಅದು ಅಷ್ಟು ಹೊತ್ತಿಂದ ನೋಡ್ತಾ ಕೂತಿದ್ದೀಯ, ಊಟಕ್ಕೆ ಬರಲ್ವಾ?" ಅಂತ ಎರಡು ಸಲ ಕೂಗಿದರು.

ಇನ್ನೊಂದು ಬಗೆಯ ಕಣಜ ಇದೆ, ಸೊಳ್ಳೆಗಿಂತ ಚಿಕ್ಕದು. ಹುಳುವಿನ ಮೈಯೊಳಗೇ ಮೊಟ್ಟೆ ಇಡುತ್ತದೆ. ಒಳಗಿನ ಮರಿ ಹುಳುವನ್ನು ತಿಂದು ಹೊರಬಂದು ಪಕ್ಕದಲ್ಲೇ ಗೂಡು ಕಟ್ಟುತ್ತದೆ. ಎಲೆಯ ಅಡಿಯಲ್ಲಿ ಅಕ್ಕಿಕಾಳಿಗಿಂತ ಚಿಕ್ಕ ಬಿಳಿ ಗೂಡುಗಳು ಕಂಡರೆ ಹುಳುವಿನ ಮೊಟ್ಟೆ ಅಂದುಕೊಂಡು ಉಗುರಲ್ಲಿ ಹಿಸುಕುತ್ತಿದ್ದೆ. ನನ್ನ ಕಡೆಯ ಸೈನಿಕರನ್ನು ನಾನೇ ಕೊಲ್ಲುತ್ತಿದ್ದೆ. ಇವು ಹುಳುವನ್ನು ಹುಡುಕುವ ರೀತಿ ಇನ್ನೂ ಸೋಜಿಗ. 1990ರಲ್ಲಿ ಅಮೆರಿಕದ ಸಂಶೋಧಕರು ಮೆಕ್ಕೆಜೋಳದಲ್ಲಿ ತೋರಿಸಿದ್ದು ಇದು: ಹುಳು ಕಡಿದ ಗಿಡ ಒಂದು ಬಗೆಯ ವಾಸನೆ ಬಿಡುತ್ತದೆ, ಕಣಜ ಆ ವಾಸನೆ ಹಿಡಿದು ಬರುತ್ತದೆ. ಬ್ಲೇಡಿನಲ್ಲಿ ಗೀರಿದರೆ ಗಿಡ ಅಷ್ಟು ವಾಸನೆ ಬಿಡುವುದಿಲ್ಲ. ಗೀರಿದ ಜಾಗಕ್ಕೆ ಹುಳುವಿನ ಬಾಯಿರಸ ಸವರಿದರೆ ಬಿಡುತ್ತದೆ. ಗಿಡ ಹೀಗೆ ಕೂಗಿ ಕರೆಯುತ್ತಿದ್ದಾಗ ನಾನು ಬೆಳ್ಳುಳ್ಳಿ ರಸ ಸುರಿದು ಆ ವಾಸನೆಯನ್ನೂ ಮುಚ್ಚಿದೆನೋ ಏನೋ. ನನ್ನ ಅನುಮಾನ ಅಷ್ಟೇ.

ಬಿಳಿ ಹಾಳೆ

ತೂತನ್ನು ನಂಬುವ ಹಾಗಿಲ್ಲ ಅಂದಮೇಲೆ ಏನನ್ನು ನಂಬುವುದು? ಹಿಕ್ಕೆಯನ್ನು. ಹುಳು ತಿಂದ ಕಡೆ ಹಿಕ್ಕೆ ಹಾಕದೆ ಇರುವುದಿಲ್ಲ. ತೂತು ಯಾವತ್ತಿನದ್ದು ಅಂತ ತೂತು ಹೇಳುವುದಿಲ್ಲ, ಹಿಕ್ಕೆ ಹೇಳುತ್ತದೆ. ಹಸಿಯಾಗಿ, ಹಸಿರಾಗಿ, ಒತ್ತಿದರೆ ಮೆತ್ತಗಿದ್ದರೆ ಇವತ್ತಿನದ್ದು. ಕಪ್ಪಾಗಿ ಒಣಗಿ ಪುಡಿಯಾದರೆ ಹಳೆಯದ್ದು. ನಾನು ಈಗ ಸಂಜೆ ಎಲೆಗಳ ಮೇಲಿನ ಹಿಕ್ಕೆಯನ್ನೆಲ್ಲ ನೀರು ಚಿಮುಕಿಸಿ ತೊಳೆದು, ಗಿಡದ ಬುಡದಲ್ಲಿ ಒಂದು ಬಿಳಿ ಹಾಳೆ ಹಾಸುತ್ತೇನೆ. ಗಾಳಿಗೆ ಹಾರದ ಹಾಗೆ ಮೂಲೆಗೆ ಕಲ್ಲು. ಬೆಳಿಗ್ಗೆ ಹಾಳೆ ನೋಡುತ್ತೇನೆ. ಖಾಲಿ ಇದ್ದರೆ ಮೇಲೆ ಎಷ್ಟೇ ತೂತಿರಲಿ, ಬಾಟಲಿ ಮುಟ್ಟುವುದಿಲ್ಲ.

ಸ್ವಲ್ಪ ದಿನ ಓದಿದರೆ ಹಿಕ್ಕೆಯ ಲಿಪಿ ಅರ್ಥವಾಗುತ್ತದೆ. ಗಸಗಸೆಯಷ್ಟಿದ್ದರೆ ಹುಳು ಚಿಕ್ಕದು, ಅವಸರವಾಗಿ ಏನಾದರೂ ಮಾಡಬೇಕಾದ ಹೊತ್ತು. ಮೆಣಸಿನ ಕಾಳಿನಷ್ಟಿದ್ದರೆ ಹುಳು ಬೆರಳುದ್ದ ಇದೆ, ಕೈಯಲ್ಲೇ ತೆಗೆಯಬಹುದು. ಹಿಕ್ಕೆ ಬಿದ್ದ ಜಾಗದಿಂದ ನೇರ ಮೇಲೆ ನೋಡುತ್ತಾ ಹೋದರೆ ಹುಳು ಅಲ್ಲೇ ಇರುತ್ತದೆ. ಕಡ್ಡಿಯಂತೆ ಉದ್ದುದ್ದ ಇದ್ದರೆ ಅದು ಮಿಡತೆಯದ್ದು, ಅದು ಆಗಲೇ ಪಕ್ಕದ ಗಿಡಕ್ಕೆ ಹಾರಿರುತ್ತದೆ. ಹಿಕ್ಕೆಯೇ ಇಲ್ಲದೆ ಎಲೆಯ ಅಂಚಿನಲ್ಲಿ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಅರ್ಧಚಂದ್ರ ಇದ್ದರೆ ಖುಷಿಪಡಿ. ಅದು ಎಲೆ ಕತ್ತರಿಸುವ ಜೇನು. ತಿನ್ನಲು ಅಲ್ಲ, ಗೂಡಿಗೆ ಗೋಡೆ ಕಟ್ಟಲು ಒಯ್ದಿದೆ. ಹೂವಿಗೂ ಅದೇ ಬರುತ್ತದೆ.

ಹಾಳೆಯ ತುಂಬ ಹಿಕ್ಕೆ, ಗಿಡದ ಮೇಲೆ ಒಂದೂ ಹುಳು ಇಲ್ಲ. ಹೀಗೂ ಒಮ್ಮೆ ಆಯಿತು, ಬೀನ್ಸ್ ಗಿಡದಲ್ಲಿ. ರಾತ್ರಿ ಹತ್ತರ ಮೇಲೆ ಟಾರ್ಚ್ ಹಿಡಿದು ಹೋದೆ. ಹಗಲು ಕುಂಡದ ಅಂಚಿನ ಸಂದಿಯಲ್ಲಿ, ಮಣ್ಣಿನ ಹೆಂಟೆ ಕೆಳಗೆ ಮಲಗಿದ್ದ ಕಂದು ಹುಳುಗಳೆಲ್ಲ ಮೇಲೆ ಬಂದು ಊಟಕ್ಕೆ ಕೂತಿದ್ದವು. ಸ್ಪೊಡಾಪ್ಟೆರಾ ಜಾತಿಯದ್ದು. ಹೊಗೆಸೊಪ್ಪಿನ ಹುಳು ಅಂತಲೂ ಅನ್ನುತ್ತಾರೆ. ಇದರ ತಾಯಿ ಎಲೆಯ ಅಡಿಯಲ್ಲಿ ಒಂದೇ ಕಡೆ ನೂರಾರು ಮೊಟ್ಟೆ ಇಟ್ಟು, ತನ್ನ ಹೊಟ್ಟೆಯ ಕೂದಲಿನಿಂದಲೇ ಹೊದಿಸುತ್ತದೆ. ಉಗುರಗಲದ ಕಂದು ಬಟ್ಟೆ ತೇಪೆ ಹಾಕಿದ ಹಾಗಿರುತ್ತದೆ. ಮರಿಗಳು ಮೊದಮೊದಲು ಹುಟ್ಟಿದ ಎಲೆಯಲ್ಲೇ ಗುಂಪಾಗಿ ಕೆರೆಯುತ್ತವೆ, ಆ ಒಂದೇ ಎಲೆ ಬೆಳ್ಳಗೆ ಒಣಕಾಗದವಾಗುತ್ತದೆ. ಆ ಒಂದು ಎಲೆ ಚಿವುಟಿ ಸೋಪಿನ ನೀರಿಗೆ ಹಾಕಿದರೆ ಮುನ್ನೂರು ಹುಳು ಮುಗಿದ ಹಾಗೆ. ನಾಲ್ಕು ದಿನ ತಡವಾದರೆ ಮುನ್ನೂರು ಹುಳುವನ್ನೂ ರಾತ್ರಿ ಟಾರ್ಚ್ ಹಿಡಿದು ಒಂದೊಂದಾಗಿ ಹೆಕ್ಕಬೇಕು. ನಾನು ಹೆಕ್ಕಿದ್ದೇನೆ. ಎಂಬತ್ತರ ತನಕ ಎಣಿಸಿದೆ, ಆಮೇಲೆ ಎಣಿಸಲಿಲ್ಲ.

ಹೆಕ್ಕಿ ಮುಗಿಯದಷ್ಟಿದ್ದಾಗ ನಾನು ಬಿಟಿ ತರುತ್ತೇನೆ. ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಅನ್ನುವ ಬ್ಯಾಕ್ಟೀರಿಯಾದ ಪುಡಿ ಅಥವಾ ದ್ರವ. 1901ರಲ್ಲಿ ಜಪಾನಿನಲ್ಲಿ ಇಶಿವಾತಾ ಅನ್ನುವವರು ಇದನ್ನು ಕಂಡದ್ದು ಸಾಯುತ್ತಿದ್ದ ರೇಷ್ಮೆ ಹುಳುಗಳಲ್ಲಿ. 1911ರಲ್ಲಿ ಜರ್ಮನಿಯ ತುರಿಂಜಿಯಾದಲ್ಲಿ ಹಿಟ್ಟಿನ ಪತಂಗದ ಹುಳುವಿನಲ್ಲಿ ಮತ್ತೆ ಸಿಕ್ಕಿತು, ಹೆಸರು ಅಲ್ಲಿಂದ ಬಂತು. ಇದರಲ್ಲಿ ಒಂದು ಪ್ರೋಟೀನ್ ಹರಳು ಇದೆ. ಹುಳುವಿನ ಹೊಟ್ಟೆ ಕ್ಷಾರ, ಅಲ್ಲಿ ಹರಳು ಕರಗಿ ಕರುಳಿನ ಗೋಡೆಗೆ ತೂತು ಹಾಕುತ್ತದೆ. ನಮ್ಮ ಹೊಟ್ಟೆ ಆಮ್ಲ, ಆ ಪ್ರೋಟೀನ್ ಅಂಟಿಕೊಳ್ಳುವ ಜಾಗವೂ ನಮ್ಮ ಕರುಳಿನಲ್ಲಿಲ್ಲ. ಮೊದಲ ಸಲ ಹೊಡೆದ ಮಾರನೇ ದಿನ ನೋಡಿದರೆ ಹುಳುಗಳು ಎಲೆಯ ಮೇಲೆ ಹಾಗೇ ಇದ್ದವು. ಮೋಸ ಹೋದೆ ಅಂದುಕೊಂಡೆ. ಆದರೆ ಹಾಳೆ ಖಾಲಿ. ಹುಳು ಇತ್ತು, ಊಟ ಬಿಟ್ಟಿತ್ತು. ಇನ್ನೆರಡು ದಿನಕ್ಕೆ ಕಪ್ಪಾಗಿ ಜೋತುಬಿದ್ದವು. ಹಾಳೆ ಹಾಸಿರದಿದ್ದರೆ ಅವತ್ತೇ ಮತ್ತೊಂದು ಸುತ್ತು ಹೊಡೆದಿರುತ್ತಿದ್ದೆ.

ಹಾಗಂತ ವಾರವಾರ ಹೊಡೆಯುವುದು ದಡ್ಡತನ. ಆ ಪುಟ್ಟ ವಜ್ರಬೆನ್ನಿನ ಪತಂಗದ ಚರಿತ್ರೆ ಕೇಳಿ. ಬೆಳೆ ತಿನ್ನುವ ಕೀಟಗಳಲ್ಲಿ ಡಿಡಿಟಿಗೆ ಒಗ್ಗಿಕೊಂಡದ್ದು ಅಂತ ಮೊದಲು ವರದಿಯಾದದ್ದು ಇದೇ, 1953ರಲ್ಲಿ, ಜಾವಾದಲ್ಲಿ. ಬಯಲಿನಲ್ಲಿ ಬಿಟಿಯನ್ನು ಜೀರ್ಣಿಸಿಕೊಳ್ಳಲು ಮೊದಲು ಕಲಿತದ್ದೂ ಇದೇ. ಹವಾಯಿಯ ಹೊಲಗಳಿಂದ 1990ರಲ್ಲಿ ಆ ವರದಿ ಬಂತು. ಎರಡು ಮೂರು ವಾರಕ್ಕೊಂದು ತಲೆಮಾರು ಮುಗಿಸುವ ಜೀವಕ್ಕೆ ನಮ್ಮ ಬಾಟಲಿಯೆಲ್ಲ ಒಂದು ಪಾಠ, ಅಷ್ಟೇ. ಈಗ ಹೂಕೋಸಿನ ಪಕ್ಕ ಒಂದು ಒಡೆದ ಕುಂಡದಲ್ಲಿ ಸಾಸಿವೆ ಚೆಲ್ಲುತ್ತೇನೆ. ಈ ಪತಂಗಕ್ಕೆ ಕೋಸಿಗಿಂತ ಸಾಸಿವೆ ಇಷ್ಟ. ದೊಡ್ಡ ಹೊಲದಲ್ಲಿ 25 ಸಾಲು ಎಲೆಕೋಸಿಗೆ ಎರಡು ಸಾಲು ಸಾಸಿವೆ ಹಾಕುವುದುಂಟು. ನನ್ನದು ಬರಿ ಒಂದು ಕುಂಡ, ಆದರೂ ಮೊಟ್ಟೆ ಹುಡುಕಲು ಒಂದು ಖಾಯಂ ವಿಳಾಸ ಸಿಕ್ಕಿತು.

ಎಷ್ಟು ಬಿಡಬಹುದು

ಎಷ್ಟು ತಿಂದರೆ ಹೊಡೆಯಬೇಕು ಅನ್ನುವ ಪ್ರಶ್ನೆಗೆ ಲೆಕ್ಕ ಕಟ್ಟಿದ್ದು 1959ರಲ್ಲಿ, ಕ್ಯಾಲಿಫೋರ್ನಿಯಾದ ನಾಲ್ವರು ಕೀಟ ವಿಜ್ಞಾನಿಗಳು. ಹುಳು ಮಾಡುವ ನಷ್ಟ ಔಷಧಿಯ ಖರ್ಚನ್ನು ದಾಟುವ ತನಕ ಸುಮ್ನಿರಿ ಅನ್ನುವುದು ಅದರ ಸಾರ. ಕೈತೋಟದವರಿಗೆ ಖರ್ಚಿನ ಲೆಕ್ಕ ಹೊಂದುವುದಿಲ್ಲ, ನಮ್ಮದು ಮಾನದ ಪ್ರಶ್ನೆ. ತೂತಿಲ್ಲದ ಎಲೆ ನಮಗೆ ಬೇಕು, ಗಿಡಕ್ಕೆ ಬೇಕಾಗಿಲ್ಲ. ನಾನು ಈಗ ನೋಡುವುದು ಜಾಗವನ್ನು. ಹೂಕೋಸಿನ ಹೊರಗಿನ ಎಲೆ ತಿಂದರೆ ತಿನ್ನಲಿ. ನಡುವಿನ ಸುಳಿಗೆ ಬಾಯಿ ಹಾಕಿದರೆ ಅವತ್ತೇ ತೆಗೆಯಬೇಕು, ಸುಳಿ ಹೋದರೆ ಹೂವೇ ಇಲ್ಲ. ಟೊಮೆಟೊ, ಬದನೆ, ಬೀನ್ಸ್ ಕಾಲು ಭಾಗ ಎಲೆ ಕಳೆದುಕೊಂಡೂ ತಮ್ಮ ಪಾಡಿಗೆ ಕಾಯಿ ಬಿಟ್ಟದ್ದನ್ನು ನೋಡಿದ್ದೇನೆ. ಎರಡೆಲೆಯ ಸಸಿಗೆ ಮಾತ್ರ ಈ ಉದಾರತೆ ಬೇಡ. ಸೊಪ್ಪಿನ ಗಿಡಗಳ ವಿಷಯದಲ್ಲಿ ನನಗೂ ಇನ್ನೂ ಮನಸ್ಸು ದೊಡ್ಡದಾಗಿಲ್ಲ, ಅಲ್ಲಿ ಎಲೆಯೇ ಫಸಲು.

ಅಮ್ಮನ ಬೂದಿ

ಕಳೆದ ತಿಂಗಳು ಟೊಮೆಟೊ ಗಿಡದ ಕೆಳಗಿನ ಹಾಳೆಯಲ್ಲಿ ಮೆಣಸಿನ ಕಾಳಿಗಿಂತ ದಪ್ಪ ಹಿಕ್ಕೆ ಬಿತ್ತು. ಕನ್ನಡಕ ತೆಗೆದು ಹತ್ತಿರ ಹಿಡಿದರೆ ಒಂದೊಂದರ ಮೇಲೂ ಉದ್ದುದ್ದ ಗೆರೆ, ಪುಟ್ಟ ಪೀಪಾಯಿಯ ಹಾಗೆ. ಮೇಲೆ ನೋಡಿದೆ. ಏನೂ ಇಲ್ಲ. ಅಮ್ಮನನ್ನು ಕರೆದೆ. ಅವರು ಬಂದು ಒಂದು ಕ್ಷಣ ನೋಡಿ, "ಇಲ್ಲೇ ಇದೆಯಲ್ಲೋ, ಕಣ್ಣಿಗೆ ಹೊಡೀತಾ ಇದೆ" ಅಂದರು. ಹೌದು. ಕೊಂಬೆ ಅಂತ ನಾನು ನೋಡುತ್ತಿದ್ದದ್ದೇ ಹುಳು. ನನ್ನ ನಡುಬೆರಳಿನಷ್ಟು ಉದ್ದ, ಮೈಮೇಲೆ ಓರೆ ಪಟ್ಟಿ, ಹಿಂಭಾಗದಲ್ಲಿ ಒಂದು ಕೊಂಬು. ಗಿಡುಗ ಪತಂಗದ ಹುಳು. ಆ ಕೊಂಬು ಚುಚ್ಚುವುದಿಲ್ಲ, ಬರಿ ಬೆದರಿಕೆಗೆ.

"ತೆಗೆದು ಬಿಸಾಕು" ಅಂದರು ಅಮ್ಮ. ನಾನು ಹಿಕ್ಕೆಯ ಗಾತ್ರ ತೋರಿಸಿ, ಇದು ಕೊನೆಯ ಹಂತ, ಇನ್ನು ನಾಲ್ಕೈದು ದಿನಕ್ಕೆ ಮಣ್ಣಿಗೆ ಇಳಿಯುತ್ತದೆ, ಗಿಡ ಆಳೆತ್ತರ ಇದೆ, ಹತ್ತು ಎಲೆ ತಿಂದರೂ ಏನಾಗಲ್ಲ ಅಂತ ಎಲ್ಲ ವಿವರಿಸಿದೆ. ಅವರು ನನ್ನ ಮುಖವನ್ನೂ ಹಾಳೆಯನ್ನೂ ನೋಡಿ, "ನಿಂಗೆ ಮಾಡೋಕೆ ಬೇರೆ ಕೆಲಸ ಇಲ್ಲ" ಅಂತ ಒಳಗೆ ಹೋದರು. ದಿನಾ ಬೆಳಿಗ್ಗೆ ಹಾಳೆ ಬದಲಿಸಿದೆ. ಮೊದಲ ದಿನ 31 ಹಿಕ್ಕೆ. ಮಾರನೇ ದಿನ 38. ಆಮೇಲೆ 34. ಐದನೇ ಬೆಳಿಗ್ಗೆ ಹಾಳೆ ಖಾಲಿ, ಹುಳು ಇಲ್ಲ, ಕುಂಡದ ಮಣ್ಣಿನಲ್ಲಿ ಒಂದು ಕಡೆ ಹೊಸದಾಗಿ ಕೆದರಿದ ಗುರುತು. ಲೆಕ್ಕ ಸರಿಯಾಯಿತು ಅಂತ ಬೀಗುತ್ತಾ ತಲೆ ಎತ್ತಿದರೆ ಗಿಡದ ಎಲೆಗಳ ಮೇಲೆಲ್ಲ ಬೂದುಬಣ್ಣದ ಪುಡಿ.

"ನಿನ್ನೆ ಸಂಜೆ ಒಣಗಿದ ಎಲೆ ಸುಟ್ಟಿದ್ದೆನಲ್ಲ, ಆ ಬೂದಿ ಎರಡು ಹಿಡಿ ಎರಚಿದೆ" ಅಂದರು ಅಮ್ಮ, ಬಾಗಿಲಲ್ಲಿ ನಿಂತು. "ನೋಡಿದ್ಯಾ? ಒಂದೇ ರಾತ್ರಿಗೆ ಹುಳ ಮಾಯ. ನೀನು ಪೇಪರ್ ಹಾಸ್ಕೊಂಡು ಕೂತಿರು."

ಕೆದರಿದ ಮಣ್ಣು ತೋರಿಸೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಅವರು ಫೋನಿನಲ್ಲಿ ಚಿಕ್ಕಮ್ಮನಿಗೆ ಅಳತೆ ಹೇಳುತ್ತಿದ್ದರು. ಎರಡು ಹಿಡಿ, ಸಂಜೆ ಹೊತ್ತು, ಎಲೆ ಸ್ವಲ್ಪ ಒದ್ದೆ ಇರಬೇಕು.